ಹೊಸ ಪಿಸ್ತೂಲಿನ ಬ್ಯಾರೆಲಿನಲ್ಲಿ ಮಸಿ: ಬಳಸಿದ್ದನ್ನು ಹೊಸದೆಂದು ಮಾರಿದರೇ?

ಪ್ರಶ್ನೆ: ನಾನು ಕೊಡಗಿನವನು, ಈಗ ಅಮೆರಿಕದ ಟೆಕ್ಸಸ್‌ನಲ್ಲಿ ಡಲ್ಲಾಸ್ ನಗರದ ಹತ್ತಿರ ನೆಲೆಸಿದ್ದೇನೆ. ಊರಿನ ಮನೆಯಲ್ಲಿ ಜೋಡುನಳಿಗೆ ಕೋವಿ ಹಿಡಿದು ಬೆಳೆದವನಾದರೂ ಪಿಸ್ತೂಲು ಇದೇ ಮೊದಲು. ಕಳೆದ ವಾರ ಇಲ್ಲಿನ ಒಂದು ಅಂಗಡಿಯಲ್ಲಿ ಹೊಸದೆಂದು ಪೂರ್ತಿ ಬೆಲೆ ಕೊಟ್ಟು ಐದನೇ ತಲೆಮಾರಿನ ಗ್ಲಾಕ್ 19 ಎಂಬ 9 ಮಿ.ಮೀ. ಪಿಸ್ತೂಲು ಕೊಂಡೆ. ಮನೆಗೆ ತಂದು ಬಿಚ್ಚಿದಾಗ ಬ್ಯಾರೆಲಿನ ಒಳಗೆ ಬೂದುಬಣ್ಣದ ಮಸಿ, ಸ್ಲೈಡಿನ (ಮೇಲ್ಗಡೆ ಹಿಂದೆಮುಂದೆ ಜಾರುವ ಉಕ್ಕಿನ ಭಾಗದ) ಒಳಗೆ ತಾಮ್ರದ ಬಣ್ಣದ ಜಿಡ್ಡು, ಬ್ಯಾರೆಲಿನ ಮೇಲ್ಮೈಯಲ್ಲಿ ಉಜ್ಜಿದ ಗುರುತು ಕಂಡವು. ಪೆಟ್ಟಿಗೆಗೆ ಸೀಲ್ ಕೂಡ ಇರಲಿಲ್ಲ. ಬೇರೆ ಯಾರೋ ಬಳಸಿ ಹಿಂದಿರುಗಿಸಿದ್ದನ್ನು ನನಗೆ ಹೊಸದೆಂದು ಕೊಟ್ಟಿದ್ದಾರೆಯೇ? ಇದನ್ನು ಖಚಿತವಾಗಿ ತಿಳಿಯುವ ದಾರಿ ಇದೆಯೇ?

ಉತ್ತರ: ನೀವು ಬರೆದಿರುವ ನಾಲ್ಕು ಸಂಗತಿಗಳಲ್ಲಿ ಯಾವುದೂ ಈ ಪಿಸ್ತೂಲನ್ನು ಇನ್ನೊಬ್ಬರು ಬಳಸಿದ್ದರು ಎಂಬುದನ್ನು ಸಾಬೀತುಪಡಿಸುವುದಿಲ್ಲ. ಅವುಗಳಲ್ಲಿ ಒಂದಂತೂ, ಆ ತಾಮ್ರದ ಬಣ್ಣದ ಜಿಡ್ಡು, ನಿಮ್ಮ ಅನುಮಾನಕ್ಕೆ ಎದುರು ನಿಲ್ಲುವ ಸಾಕ್ಷಿ. ಆದರೂ ನಿಮ್ಮ ಅನುಮಾನ ನಿರಾಧಾರವೆಂದು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಪ್ರದರ್ಶನಕ್ಕಿಟ್ಟ ಮತ್ತು ಬಾಡಿಗೆಗೆ ಕೊಟ್ಟ ಪಿಸ್ತೂಲುಗಳು ಹೊಸದರ ಬೆಲೆಗೆ ಮಾರಾಟವಾಗುವುದು ಈ ವ್ಯಾಪಾರದಲ್ಲಿ ಆಗದ ಮಾತೇನಲ್ಲ. ಎಲ್ಲಿ ನೋಡಬೇಕು, ಕಂಡದ್ದಕ್ಕೆ ಎಷ್ಟು ಮಹತ್ವ ಕೊಡಬೇಕು ಎಂಬುದೇ ಇಲ್ಲಿನ ಮುಖ್ಯ ವಿಷಯ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಒಂದೂ ಗುಂಡು ಹಾರಿಸದ ಪಿಸ್ತೂಲು ಅಂಗಡಿಗೆ ಬರುವುದೇ ಇಲ್ಲವೆಂದರೂ ನಡೆದೀತು. ಹೆಸರುಳ್ಳ ತಯಾರಕರೆಲ್ಲರೂ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕುವ ಮುನ್ನ ಕಾರ್ಖಾನೆಯಲ್ಲಿಯೇ ಕೆಲವು ಗುಂಡು ಹಾರಿಸಿ ನೋಡುತ್ತಾರೆ. ಗ್ಲಾಕ್ ಕೂಡ ಹಾಗೆಯೇ ಮಾಡುತ್ತದೆ. ಯುರೋಪಿನ ಹಲವು ದೇಶಗಳಲ್ಲಿ ಇದು ಕಾನೂನಿನ ಕಡ್ಡಾಯವೂ ಹೌದು. 1914ರಲ್ಲಿ ಆರಂಭವಾದ ಸಿ.ಐ.ಪಿ. ಎಂಬ ಅಂತರರಾಷ್ಟ್ರೀಯ ಆಯೋಗದ ಸದಸ್ಯ ದೇಶಗಳಲ್ಲಿ, ಗ್ಲಾಕ್‌ನ ತವರಾದ ಆಸ್ಟ್ರಿಯಾವೂ ಸೇರಿದಂತೆ, ಪ್ರತಿಯೊಂದು ಬಂದೂಕೂ ಸರ್ಕಾರಿ ಮನ್ನಣೆಯ ಪರೀಕ್ಷಾಗೃಹದಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆಯನ್ನು ತಡೆದುಕೊಂಡ ಮೇಲೆಯೇ ಮುದ್ರೆ ಪಡೆದು ಹೊರಬರುತ್ತದೆ. ಪಿಸ್ತೂಲಿನ ತೋಟೆಗಳಿಗೆ ಈ ಪರೀಕ್ಷೆಯ ಒತ್ತಡ ಗರಿಷ್ಠ ಮಿತಿಗಿಂತ ಶೇಕಡಾ 30ರಷ್ಟು ಹೆಚ್ಚಿರುತ್ತದೆ. 9 ಮಿ.ಮೀ. ತೋಟೆಯ ಗರಿಷ್ಠ ಒತ್ತಡವನ್ನು ಸಿ.ಐ.ಪಿ. 2350 ಬಾರ್ ಎಂದು ಗೊತ್ತುಮಾಡಿರುವುದರಿಂದ, ಪರೀಕ್ಷೆಯ ತೋಟೆ ಸುಮಾರು 3055 ಬಾರ್ ಒತ್ತಡ ಹುಟ್ಟಿಸುತ್ತದೆ. ಅಮೆರಿಕದಲ್ಲಿ ಇಂಥ ಸರ್ಕಾರಿ ಕಡ್ಡಾಯವಿಲ್ಲ. ತಯಾರಕರ ಸಂಘವಾದ ಸಾಮಿಯ ಮಾನದಂಡಗಳನ್ನು ಕಂಪನಿಗಳು ಸ್ವಇಚ್ಛೆಯಿಂದ ಅನುಸರಿಸಿ ತಮ್ಮಲ್ಲಿಯೇ ಪರೀಕ್ಷೆ ಮಾಡಿಕೊಳ್ಳುತ್ತವೆ. ಹೇಗಿದ್ದರೂ ಪರಿಣಾಮ ಒಂದೇ. ಪರೀಕ್ಷೆಯ ನಂತರ ಬ್ಯಾರೆಲನ್ನು ತಿಕ್ಕಿ ತೊಳೆದು ಕಳುಹಿಸುವ ಕಷ್ಟವನ್ನು ಹೆಚ್ಚಿನ ಕಾರ್ಖಾನೆಗಳು ತೆಗೆದುಕೊಳ್ಳುವುದಿಲ್ಲ, ಎಣ್ಣೆ ಸವರಿ ಪೆಟ್ಟಿಗೆಗೆ ಹಾಕುತ್ತವೆ. ಆದ್ದರಿಂದ ಹೊಸ ಪಿಸ್ತೂಲಿನ ಬ್ಯಾರೆಲಿನಲ್ಲಿ ತೆಳುವಾದ ಬೂದು ಮಸಿ ಇರುವುದೇ ಸಹಜ. ಕನ್ನಡಿಯಂತೆ ಹೊಳೆಯುವ ಬ್ಯಾರೆಲನ್ನು ಕಂಡರೆ ಯಾರು, ಯಾಕೆ ಒರೆಸಿದರು ಎಂದು ಕೇಳಬೇಕಾದೀತು.

ಪೆಟ್ಟಿಗೆಯ ಸೀಲಿನ ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ಮೊಬೈಲ್ ಫೋನಿನ ಪೆಟ್ಟಿಗೆಯಂತೆ ಪಿಸ್ತೂಲಿನ ಪೆಟ್ಟಿಗೆಯೂ ಮುಚ್ಚಿದ ಸೀಲಿನೊಂದಿಗೆ ಕೈಸೇರಬೇಕು ಎಂಬ ನಿರೀಕ್ಷೆ ಇಲ್ಲಿ ಸಲ್ಲದು. ಸರಕು ಅಂಗಡಿಗೆ ಬಂದಾಗ ವ್ಯಾಪಾರಿಯು ಪೆಟ್ಟಿಗೆ ತೆರೆದು, ಲೋಹದ ಮೇಲೆ ಕೊರೆದಿರುವ ಕ್ರಮಸಂಖ್ಯೆಯನ್ನೇ ಓದಿ ತನ್ನ ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ. ಮಾರುವಾಗ ಮತ್ತೊಮ್ಮೆ ತೆರೆದು ಅದೇ ಸಂಖ್ಯೆಯನ್ನು ತಾಳೆ ನೋಡುತ್ತಾನೆ. ತೆರೆದ ಪೆಟ್ಟಿಗೆಯಿಂದ ಏನೂ ತಿಳಿಯುವುದಿಲ್ಲ.

ಇನ್ನು ನೀವೇ ಮಾಡಬೇಕಾದ ಪರೀಕ್ಷೆಗೆ ಬರೋಣ. ಗ್ಲಾಕ್ ಪಿಸ್ತೂಲಿನ ಸ್ಲೈಡನ್ನು ಕಳಚಬೇಕಾದರೆ ಮೊದಲು ಟ್ರಿಗರ್ ಎಳೆಯಲೇಬೇಕು. ಅದರ ರಚನೆಯೇ ಹಾಗಿದೆ. ಚೇಂಬರಿನಲ್ಲಿ, ಅಂದರೆ ಬ್ಯಾರೆಲಿನ ಹಿಂಬದಿಯಲ್ಲಿ ತೋಟೆ ಕೂರುವ ಗೂಡಿನಲ್ಲಿ, ಒಂದು ತೋಟೆ ಉಳಿದಿರುವುದು ಗಮನಕ್ಕೆ ಬಾರದೆ, ಸ್ವಚ್ಛಗೊಳಿಸಲು ಕುಳಿತವರ ಕೈಯಲ್ಲಿಯೇ ಗುಂಡು ಹಾರಿದ ಅವಘಡಗಳು ಈ ಕಾರಣದಿಂದಲೇ ಆಗಿವೆ. ಆದ್ದರಿಂದ ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಮೊದಲು ತೋಟೆಗಳ ಡಬ್ಬಿಯಾದ ಮ್ಯಾಗಜೀನ್ ತೆಗೆದು, ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿದ ಮೇಲೆ ಮುಂದುವರಿಯಿರಿ. ಈ ಕ್ರಮ ತಲೆಕೆಳಗಾಗಬಾರದು: ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದರೆ, ಖಾಲಿ ಮಾಡಿದೆನೆಂದು ಭಾವಿಸಿದ ಚೇಂಬರಿಗೆ ಇನ್ನೊಂದು ತೋಟೆ ಏರುತ್ತದೆ. ಒಳ್ಳೆಯ ಟಾರ್ಚ್ ಒಂದು ಇರಲಿ. ಬಟ್ಟೆಯಿಂದ ಏನನ್ನೂ ಒರೆಸಬೇಡಿ, ಇನ್ನೂ ಒರೆಸಿರದಿದ್ದರೆ. ಪ್ರತಿಯೊಂದು ಭಾಗದ ಚಿತ್ರವನ್ನೂ ಮೊದಲು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ.

ಪಿಸ್ತೂಲಿನ ಮೇಲೆ ಬೀಳುವ ಗುರುತುಗಳಲ್ಲಿ ಎರಡು ಜಾತಿ. ಕೈಯಿಂದ ಸ್ಲೈಡ್ ಎಳೆದು ಬಿಟ್ಟರೂ ಬೀಳುವ ಗುರುತುಗಳು ಒಂದು. ಮದ್ದು ಉರಿದು ತೋಟೆ ಹೊರಬಿದ್ದರೆ ಮಾತ್ರ ಬೀಳುವ ಗುರುತುಗಳು ಇನ್ನೊಂದು. ನೀವು ಗಾಬರಿಗೊಂಡ ಬ್ಯಾರೆಲಿನ ಮೇಲಿನ ಉಜ್ಜು ಮೊದಲ ಜಾತಿಗೆ ಸೇರಿದ್ದು. ಗ್ಲಾಕ್‌ನಲ್ಲಿ ಬ್ಯಾರೆಲು ಸ್ಥಿರವಾಗಿ ನಿಲ್ಲುವುದಿಲ್ಲ. ಸ್ಲೈಡ್ ಹಿಂದೆ ಸರಿದಾಗ ಬ್ಯಾರೆಲಿನ ಹಿಂಭಾಗ ಕೆಳಗೆ ಬಾಗುತ್ತದೆ, ಮುಂದೆ ಬಂದಾಗ ಮೇಲೆದ್ದು ಖಾಲಿ ತೋಟೆ ಹೊರಬೀಳುವ ಕಿಂಡಿಯಲ್ಲಿ ಕೂತು ಬಿಗಿಯಾಗುತ್ತದೆ. ಹೀಗೆ ಏಳುಬೀಳುವಾಗಲೆಲ್ಲ ಚೇಂಬರಿನ ಮೇಲ್ಭಾಗದ ಚೌಕಾಕಾರದ ಉಬ್ಬು ಸ್ಲೈಡಿನ ಒಳಮೈಗೆ ಉಜ್ಜುತ್ತದೆ. ಬ್ಯಾರೆಲಿನ ತುದಿಯೂ ಸ್ಲೈಡಿನ ಮುಂಬಾಯಿಗೆ ತಾಗುತ್ತದೆ. ಐದನೇ ತಲೆಮಾರಿನ ಗ್ಲಾಕ್ 2017ರಲ್ಲಿ ಬಂದಾಗಿನಿಂದ ಬ್ಯಾರೆಲಿಗೂ ಕಪ್ಪು ಗಟ್ಟಿ ಲೇಪವಿರುವುದರಿಂದ ಆ ಉಜ್ಜು ಹೊಳಪಿನ ಪಟ್ಟಿಯಾಗಿ ಎದ್ದು ಕಾಣುತ್ತದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೆಲವು ತಿಂಗಳು ಕೂತು, ವಾರಾಂತ್ಯಕ್ಕೆ ಬಂದ ಪ್ರತಿಯೊಬ್ಬ ಗಿರಾಕಿಯೂ ಸ್ಲೈಡ್ ಎಳೆದು ಟ್ರಿಗರ್ ಒತ್ತಿ ನೋಡಿದ ಪಿಸ್ತೂಲಿನಲ್ಲಿ ಈ ಪಟ್ಟಿ ಚೆನ್ನಾಗಿಯೇ ಮೂಡಿರುತ್ತದೆ, ಒಂದು ಗುಂಡೂ ಹಾರದೆ. ಪ್ರದರ್ಶನಕ್ಕಿಟ್ಟದ್ದನ್ನು ಹೊಸದೆನ್ನಬಹುದೇ ಎಂಬುದು ಬೇರೆಯ ವಿಚಾರ. ಯಾಂತ್ರಿಕವಾಗಿ ಅದಕ್ಕೆ ಏನೂ ಆಗಿರುವುದಿಲ್ಲ, ಆದರೆ ಗೀರು ಬಿದ್ದಿದ್ದರೆ ಬೆಲೆಯಲ್ಲಿ ಸ್ವಲ್ಪ ಬಿಡು ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ ಎಂದೇ ನನ್ನ ಅಭಿಪ್ರಾಯ.

ಎರಡನೆಯ ಜಾತಿಯ ಗುರುತುಗಳನ್ನು ಹುಡುಕಲು ಬ್ಯಾರೆಲನ್ನು ಬದಿಗಿಟ್ಟು ಸ್ಲೈಡನ್ನು ಕೈಗೆತ್ತಿಕೊಳ್ಳಿ. ತೋಟೆಯ ಬುಡ ಒರಗಿ ನಿಲ್ಲುವ ಸಮತಟ್ಟಾದ ಉಕ್ಕಿನ ಮುಖ ಒಂದಿದೆ, ಅದರ ನಡುವೆ ತೋಟೆಗೆ ಬಡಿಯುವ ಸೂಜಿ ಹೊರಬರುವ ಕಿಂಡಿ ಇದೆ. ಗುಂಡು ಹಾರಿದಾಗಲೆಲ್ಲ ಹಿತ್ತಾಳೆಯ ತೋಟೆ ಸಾವಿರಾರು ಪೌಂಡುಗಳ ಒತ್ತಡದಲ್ಲಿ ಈ ಮುಖಕ್ಕೆ ಅಪ್ಪಳಿಸುತ್ತದೆ. ಕಾರ್ಖಾನೆಯ ಎರಡು ಮೂರು ಗುಂಡುಗಳಿಗೆ ಇಲ್ಲಿ ಅಲ್ಲಲ್ಲಿ ಹಳದಿ ಛಾಯೆ, ಸ್ವಲ್ಪ ಮಸಿ ಕಾಣುತ್ತದೆ, ಅಷ್ಟೇ. ನೂರಾರು ಗುಂಡು ಹಾರಿದ್ದರೆ ಕಿಂಡಿಯ ಸುತ್ತ ತೋಟೆಯ ಬುಡದ ಅಳತೆಯ ವೃತ್ತವೊಂದು ಸ್ಪಷ್ಟವಾಗಿ ಮೂಡಿ, ಅದರೊಳಗೆ ಹಿತ್ತಾಳೆ ಮೆತ್ತಿಕೊಂಡಿರುತ್ತದೆ. ಲೇಪದ ಕಪ್ಪು ಅಲ್ಲಿ ಮಾಸಿ ಬೇರೆಯದೇ ಬಣ್ಣಕ್ಕೆ ತಿರುಗಿರುತ್ತದೆ. ಒರೆಸುವ ದ್ರವಕ್ಕೆ ಮಸಿ ಹೋಗುತ್ತದೆ, ಈ ವೃತ್ತ ಅಷ್ಟು ಸುಲಭವಾಗಿ ಹೋಗದು.

ಅಲ್ಲಿಂದ ಬಲಕ್ಕೆ ಸರಿದು ತೋಟೆಯನ್ನು ಹಿಡಿದೆಳೆಯುವ ಕೊಕ್ಕೆಯನ್ನು ನೋಡಿ. ನನ್ನ ಮಟ್ಟಿಗೆ ಇಡೀ ಪಿಸ್ತೂಲಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಜಾಗ ಇದು. ಕೊಕ್ಕೆಯ ಮೂತಿಯ ಕೆಳಗೆ ಒಂದು ಸಣ್ಣ ಸಂದು ಇದೆ. ತೋಟೆಯ ಅಂಚನ್ನು ಕಚ್ಚಿ ಎಳೆಯುವಾಗಲೆಲ್ಲ ಹಿತ್ತಾಳೆಯ ಸೂಕ್ಷ್ಮ ಚೂರುಗಳು ಉದುರಿ, ಎಣ್ಣೆ ಮತ್ತು ಮಸಿಯೊಂದಿಗೆ ಸೇರಿ ಕಪ್ಪು ಅಂಟಾಗಿ ಆ ಸಂದಿನಲ್ಲಿ ಕೂರುತ್ತವೆ. ಒಂದು ಹಲ್ಲುಕಡ್ಡಿಯ ತುದಿಯನ್ನು ಅಲ್ಲಿ ನಿಧಾನವಾಗಿ ಆಡಿಸಿ, ಬಿಳಿ ಕಾಗದದ ಮೇಲೆ ಉಜ್ಜಿ, ಟಾರ್ಚಿನ ಬೆಳಕನ್ನು ಓರೆಯಾಗಿ ಹಿಡಿಯಿರಿ. ಬರೀ ಎಣ್ಣೆಯ ಕಲೆ ಬಿದ್ದರೆ ಸರಿ. ಕಪ್ಪು ಅಂಟಿನ ನಡುವೆ ಚಿನ್ನದ ಪುಡಿಯಂತೆ ಮಿನುಗುವ ಕಣಗಳು ರಾಶಿಯಾಗಿ ಬಂದರೆ ಈ ಪಿಸ್ತೂಲು ಚೆನ್ನಾಗಿಯೇ ದುಡಿದಿದೆ. ಹೊರಮೈಯನ್ನು ಚೊಕ್ಕಟ ಮಾಡಿ ಮಾರುವವರು ಸಾಮಾನ್ಯವಾಗಿ ಈ ಸಂದಿನವರೆಗೆ ಹೋಗುವುದಿಲ್ಲ. ಒಂದೆರಡು ಕಣಗಳು ಕಾರ್ಖಾನೆಯ ಪರೀಕ್ಷೆಯಿಂದಲೂ ಬರಬಹುದು ಎಂಬುದನ್ನು ಮರೆಯಬೇಡಿ. ಅಲ್ಯೂಮಿನಿಯಂ ಅಥವಾ ಉಕ್ಕಿನ ಅಗ್ಗದ ತೋಟೆಗಳನ್ನೇ ಬಳಸಿದ್ದರೆ ಹಿತ್ತಾಳೆಯ ಬಣ್ಣವೇ ಕಾಣುವುದಿಲ್ಲ ಎಂಬುದೂ ನೆನಪಿನಲ್ಲಿರಲಿ.

ಖಾಲಿ ತೋಟೆಗಳು ಹೊರಗೆ ಚಿಮ್ಮುವ ಕಿಂಡಿಯ ಹಿಂದಿನ ಅಂಚಿನಲ್ಲಿ ಹಳದಿ ಗೀಟುಗಳಿವೆಯೇ, ತೋಟೆಯನ್ನು ಹೊರದಬ್ಬುವ ತಗಡಿನ ತುದಿಯಲ್ಲಿ ಹಿತ್ತಾಳೆ ಹತ್ತಿದೆಯೇ ಎಂಬುದನ್ನೂ ಹಾಗೆಯೇ ನೋಡಿ. ಬ್ಯಾರೆಲಿನ ಒಳಗೆ ಬೆಳಕು ಹಾಯಿಸಿ ಬಾಯಿಯ ಕಡೆಯಿಂದ ನೋಡಿದಾಗ, ತಾಮ್ರದ ಕವಚದ ಗುಂಡುಗಳು ಬಹಳ ಹಾಯ್ದಿದ್ದರೆ ಒಳಗಿನ ಏಣುಗಳ ಉದ್ದಕ್ಕೂ ಕೆಂಪು ಛಾಯೆಯ ಗೆರೆಗಳು ಕಾಣುತ್ತವೆ. ಬರೀ ಮಸಿ ಒಂದು ಒರೆಸುಬಟ್ಟೆಗೆ ಬಂದರೆ ತಾಮ್ರ ಬರುವುದಿಲ್ಲ, ಅದಕ್ಕೆ ಬೇರೆಯ ದ್ರವವೇ ಬೇಕು. ಬ್ಯಾರೆಲಿನ ಹೊರಮೈಯಲ್ಲಿ, ಚೇಂಬರಿನ ಮುಂದಿನ ಮೂಲೆಯಲ್ಲಿ, ಸ್ಲೈಡಿನ ಮುಂಭಾಗದ ಒಳಗೆ ಮಸಿ ಬೆಂದು ಗಟ್ಟಿ ಪದರವಾಗಿ ಕೂತಿದ್ದರೆ ಅದು ಒಂದು ದಿನದ ಕೆಲಸವಲ್ಲ. ಉಗುರಿನಿಂದ ಕೆರೆದರೂ ಏಳದ ಮಸಿ ಮತ್ತು ಬೆರಳಿಗೆ ಹತ್ತಿಬಿಡುವ ಮಸಿ, ಈ ಎರಡರ ವ್ಯತ್ಯಾಸ ನಿಮಗೆ ಊರಿನ ಕೋವಿಯಿಂದ ಆಗಲೇ ಗೊತ್ತಿರುತ್ತದೆ.

ಈಗ ತಾಮ್ರದ ಬಣ್ಣದ ಜಿಡ್ಡು. ಸ್ಲೈಡಿನ ಹಳಿಗಳ ಬಳಿ ಗ್ಲಾಕ್ ಕಾರ್ಖಾನೆಯೇ ಹಚ್ಚುವ, ತಾಮ್ರದ ಪುಡಿ ಬೆರೆಸಿದ ಗ್ರೀಸು ಅದು. ಅದನ್ನು ಒರೆಸಬೇಡಿ, ಸ್ಲೈಡ್ ಸಲೀಸಾಗಿ ಜಾರಲು ಅದು ಬಹುಕಾಲ ಒದಗುತ್ತದೆ ಎಂದು ಪಿಸ್ತೂಲಿನೊಂದಿಗೆ ಬರುವ ಕೈಪಿಡಿಯೇ ಹೇಳುತ್ತದೆ. ಪಿಸ್ತೂಲನ್ನು ಬಳಸಿದಂತೆಲ್ಲ ಈ ಗ್ರೀಸು ಮಸಿಯೊಂದಿಗೆ ಬೆರೆತು ಕಂದಿ, ಕಪ್ಪಾಗಿ, ಪಕ್ಕಕ್ಕೆ ಸರಿದು, ಕೊನೆಗೆ ಇಲ್ಲವಾಗುತ್ತದೆ. ಸ್ವಚ್ಛ ಮಾಡುವವನು ಅದನ್ನು ಮೊದಲ ಸಲವೇ ಒರೆಸಿ ಹಾಕುತ್ತಾನೆ. ಆದ್ದರಿಂದ ನಿಮ್ಮ ಪಿಸ್ತೂಲಿನಲ್ಲಿ ಅದು ಇನ್ನೂ ತಾಮ್ರದ ಬಣ್ಣದಲ್ಲಿಯೇ, ಹಚ್ಚಿದಲ್ಲಿಯೇ ನಿಂತಿದ್ದರೆ ಅದು ಪಿಸ್ತೂಲು ಹೊಸದೆಂಬುದರ ಬಲವಾದ ಸೂಚನೆ. ಸಂಪೂರ್ಣ ಪುರಾವೆ ಎನ್ನಲಾರೆ, ಏಕೆಂದರೆ ಅಂಥದೇ ಗ್ರೀಸು ಕಾರಿನ ಬಿಡಿಭಾಗ ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಅಷ್ಟು ಶ್ರಮವಹಿಸಿ ಮೋಸ ಮಾಡುವವರು ಕೊಕ್ಕೆಯ ಸಂದನ್ನೂ ತೊಳೆದಿರಬೇಕಾಗುತ್ತದೆ, ತಾಮ್ರದ ಗೆರೆಗಳನ್ನೂ ಅಳಿಸಿರಬೇಕಾಗುತ್ತದೆ. ಆರು ಜಾಗಗಳಲ್ಲಿ ಒಂದೇ ಕಥೆ ಹೇಳುವಂತೆ ಮಾಡುವುದು ಕಷ್ಟದ ಕೆಲಸ, ಅದರಿಂದ ಬರುವ ಲಾಭವೂ ಅಷ್ಟಿಲ್ಲ.

ಮ್ಯಾಗಜೀನುಗಳನ್ನು ಜನ ಮರೆತೇಬಿಡುತ್ತಾರೆ. ಗುಂಡು ಹಾರಿಸುವ ಮೈದಾನದಲ್ಲಿ ಬಳಸಿದ ಮ್ಯಾಗಜೀನ್ ಖಾಲಿಯಾದಾಗಲೆಲ್ಲ ಸಿಮೆಂಟು ನೆಲಕ್ಕೆ ಬೀಳುತ್ತದೆ. ಅದರ ತಳದ ಪ್ಲಾಸ್ಟಿಕ್ಕಿನ ಮೂಲೆಗಳು ಒರಟಾಗಿ ಬೆಳ್ಳಗಾಗಿರುತ್ತವೆ. ಮೇಲಿನ ತುಟಿಗಳ ಒಳಮೈಯಲ್ಲಿ ತೋಟೆಗಳು ಜಾರಿದ ಗೀರುಗಳಿರುತ್ತವೆ, ತೋಟೆಗಳನ್ನು ಮೇಲೆತ್ತುವ ಒಳಗಿನ ಪೀಠದ ಮೇಲೆ ಮಸಿಯ ಕಲೆ ಇರುತ್ತದೆ. ಹೊಸ ಮ್ಯಾಗಜೀನಿನ ಸ್ಪ್ರಿಂಗು ಬಹಳ ಬಿಗಿ, ಕೊನೆಯ ತೋಟೆಯನ್ನು ಒತ್ತುವಾಗ ಹೆಬ್ಬೆರಳು ನೋಯುವಷ್ಟು. ಮೂರು ಮ್ಯಾಗಜೀನುಗಳಲ್ಲಿ ಒಂದು ಮಾತ್ರ ಹಳೆಯದಾಗಿ ಕಂಡರೆ ಅಂಗಡಿಯವರು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅದಲುಬದಲು ಮಾಡಿರುವ ಸಾಧ್ಯತೆಯೇ ಹೆಚ್ಚು, ಪಿಸ್ತೂಲು ಹೊಸದೇ ಇರಬಹುದು.

ಹೊರಮೈಯಲ್ಲಿ ನೋಡಬೇಕಾದದ್ದು ಕಡಿಮೆ. ಸೊಂಟದ ಚೀಲದಲ್ಲಿಟ್ಟು ತೆಗೆದ ಪಿಸ್ತೂಲಿನ ಸ್ಲೈಡಿನ ಮುಂದಿನ ಎರಡು ಮೂಲೆಗಳು ಹೊಳೆಯುತ್ತವೆ. ಮೈಗೆ ತಾಗಿಸಿಕೊಂಡು ಓಡಾಡಿದ್ದಾದರೆ ಟ್ರಿಗರಿನ ಸಂದಿನಲ್ಲಿ, ಮ್ಯಾಗಜೀನ್ ಹೋಗುವ ಬಾಯಿಯಲ್ಲಿ ಬಟ್ಟೆಯ ನೂಲುಪುಡಿ ಸಿಗುತ್ತದೆ. ಬ್ಯಾರೆಲಿನ ಕೆಳಗಿನ ಹಳಿಯಲ್ಲಿ ದೀಪ ಕಟ್ಟಿ ಬಿಚ್ಚಿದ ಗೀರು, ಪಿನ್ನುಗಳ ಅಂಚಿನಲ್ಲಿ ಸುತ್ತಿಗೆಯ ಏಟು, ಗುರಿಕಡ್ಡಿಯನ್ನು ಸರಿಸಿದ ಗುರುತು ಕಂಡರೆ ಯಾರೋ ಅದನ್ನು ತಮ್ಮದಾಗಿಸಿಕೊಂಡಿದ್ದರು. ಮೂಗನ್ನೂ ಬಳಸಿ. ಕಾರ್ಖಾನೆಯ ಎಣ್ಣೆಗೆ ಮಂದವಾದ ಯಂತ್ರದ ವಾಸನೆ. ಬ್ಯಾರೆಲ್ ತೊಳೆಯುವ ಕೆಲವು ದ್ರವಗಳಿಗೆ ಬಾಳೆಹಣ್ಣಿನ ಎಸೆನ್ಸಿನಂಥ ತೀಕ್ಷ್ಣ ವಾಸನೆ. ಆ ವಾಸನೆ ಬಂದರೆ ಪೆಟ್ಟಿಗೆಗೆ ಹೋಗುವ ಮೊದಲು ಯಾರೋ ಅದನ್ನು ತೊಳೆದಿದ್ದಾರೆ, ಕಾರಣವನ್ನು ಅವರೇ ಹೇಳಬೇಕು.

ಇಷ್ಟೆಲ್ಲ ನೋಡಿದರೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾರ್ಖಾನೆಯ ಮೂರು ಗುಂಡು ಹಾರಿದ ಪಿಸ್ತೂಲಿಗೂ, ಅಂಗಡಿಯ ನೌಕರನೊಬ್ಬ ಹಿಂದಿನ ಮೈದಾನದಲ್ಲಿ ಹದಿನೈದು ಗುಂಡು ಹಾರಿಸಿ ಒರೆಸಿಟ್ಟ ಪಿಸ್ತೂಲಿಗೂ ವ್ಯತ್ಯಾಸ ಹೇಳಬಲ್ಲವರು ಯಾರೂ ಇಲ್ಲ, ಹೇಳುತ್ತೇನೆಂದು ಬರುವವರನ್ನು ನಂಬಬೇಡಿ. ನೂರು ಗುಂಡಿನ ಆಸುಪಾಸಿನಲ್ಲಿ ಊಹೆ ಮಾಡಬಹುದು. ಐನೂರು ದಾಟಿದರೆ ಮುಚ್ಚಿಡುವುದು ಕಷ್ಟ. ಗ್ಲಾಕ್‌ನಂಥ ಪಿಸ್ತೂಲು ಹತ್ತಾರು ಸಾವಿರ ಗುಂಡುಗಳನ್ನು ತಾಳುವಂಥದ್ದು ಆದ್ದರಿಂದ ನೂರು ಗುಂಡಿನಿಂದ ಅದರ ಆಯುಷ್ಯಕ್ಕೆ ಏನೂ ಕೊರತೆಯಾಗದು. ನಷ್ಟವಾಗುವುದು ಹಣಕ್ಕೆ: ಬಳಸಿದ್ದೆಂದು ಹೇಳಿದ್ದರೆ ಅದೇ ಪಿಸ್ತೂಲಿಗೆ ನೀವು ಕಡಿಮೆ ಕೊಡುತ್ತಿದ್ದಿರಿ.

ಲೋಹ ಹೇಳದಿದ್ದುದನ್ನು ಕಾಗದ ಹೇಳಬಹುದು. ಗ್ಲಾಕ್‌ನಲ್ಲಿ ಕ್ರಮಸಂಖ್ಯೆ ಮೂರು ಕಡೆ ಇರುತ್ತದೆ: ಫ್ರೇಮಿನ (ಹಿಡಿಯಿರುವ ಪ್ಲಾಸ್ಟಿಕ್ ಭಾಗದ) ಕೆಳಗಿನ ಲೋಹದ ತಗಡಿನ ಮೇಲೆ, ಸ್ಲೈಡಿನ ಮೇಲೆ, ಬ್ಯಾರೆಲಿನ ಮೇಲೆ. ಈ ಮೂರೂ, ಪೆಟ್ಟಿಗೆಯ ಹೊರಗಿನ ಚೀಟಿಯ ಸಂಖ್ಯೆಯೂ ಒಂದೇ ಆಗಿರಬೇಕು. ಒಂದು ಬೇರೆಯಾಗಿದ್ದರೂ ಮುಂದಿನ ಚರ್ಚೆ ಬೇಡ, ಸೀದಾ ಅಂಗಡಿಗೆ ಹೋಗಿ. ಕೆಲವು ಪೆಟ್ಟಿಗೆಗಳಲ್ಲಿ ಕಾರ್ಖಾನೆಯ ಪರೀಕ್ಷೆಯ ಖಾಲಿ ತೋಟೆಗಳಿರುವ ಸಣ್ಣ ಲಕೋಟೆ ಇರುತ್ತದೆ, ಅದರ ಮೇಲೆ ಕ್ರಮಸಂಖ್ಯೆಯೂ ಪರೀಕ್ಷೆಯ ದಿನಾಂಕವೂ ಬರೆದಿರುತ್ತದೆ. ಹೊಸದಾಗಿ ಮಾರುವ ಪಿಸ್ತೂಲಿನ ಖಾಲಿ ತೋಟೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನನ್ನು ಮೇರಿಲ್ಯಾಂಡ್ ಮತ್ತು ನ್ಯೂಯಾರ್ಕ್ ರಾಜ್ಯಗಳು 2000ದಲ್ಲಿ ತಂದಿದ್ದವು. ಅಪರಾಧ ಪತ್ತೆಗೆ ಅದರಿಂದ ಪ್ರಯೋಜನ ಕಾಣದೆ ನ್ಯೂಯಾರ್ಕ್ 2012ರಲ್ಲಿ, ಮೇರಿಲ್ಯಾಂಡ್ 2015ರಲ್ಲಿ ಅದನ್ನು ಕೈಬಿಟ್ಟವು. ಟೆಕ್ಸಸ್‌ನಲ್ಲಿ ಅಂಥ ಕಾನೂನು ಇರಲಿಲ್ಲವಾದರೂ ಲಕೋಟೆ ನಿಮ್ಮ ಪೆಟ್ಟಿಗೆಯಲ್ಲಿದ್ದರೆ ದಿನಾಂಕ ನೋಡಿ. ಪರೀಕ್ಷೆಯಾಗಿ ಕೆಲವು ತಿಂಗಳಾಗಿದ್ದರೆ ಸಹಜ, ಮೂರು ವರ್ಷವಾಗಿದ್ದರೆ ನಡುವೆ ಎಲ್ಲಿತ್ತು ಎಂದು ಕೇಳಬೇಕಾಗುತ್ತದೆ. ಲಕೋಟೆ ಇಲ್ಲದಿರುವುದು ಮಾತ್ರ ದೋಷವಲ್ಲ.

ಬೇರೆ ಕಂಪನಿಯ ಪಿಸ್ತೂಲುಗಳಲ್ಲಿ ಪರೀಕ್ಷಾಮುದ್ರೆಯೇ ವರ್ಷ ಹೇಳುತ್ತದೆ. ಚೆಕ್ ಗಣರಾಜ್ಯದ ಸಿ.ಝಡ್. ಪಿಸ್ತೂಲುಗಳಲ್ಲಿ ಮುದ್ರೆಯ ಪಕ್ಕದಲ್ಲಿ ವರ್ಷದ ಕೊನೆಯ ಎರಡು ಅಂಕಿಗಳಿರುತ್ತವೆ. ಜರ್ಮನಿಯ ಉಲ್ಮ್ ಪರೀಕ್ಷಾಗೃಹ ಅಂಕಿಗಳ ಬದಲು ಅಕ್ಷರ ಬಳಸುತ್ತದೆ: ಎ ಎಂದರೆ ಸೊನ್ನೆ, ಬಿ ಒಂದು, ಸಿ ಎರಡು, ಹೀಗೆ ಮುಂದುವರಿದು ಜೆ ಬಿಟ್ಟು ಕೆ ಎಂದರೆ ಒಂಬತ್ತು. ಉಲ್ಮ್‌ನ ಗುರುತಾದ ಜಿಂಕೆಯ ಕೊಂಬಿನ ಚಿಹ್ನೆಯ ಬಳಿ ಬಿ, ಸಿ ಎಂಬ ಎರಡು ಅಕ್ಷರಗಳಿದ್ದರೆ ಅದು 2012ರ ಮಾಲು. ಇಷ್ಟು ಹಳೆಯದಾದರೂ ಗೋದಾಮಿನಲ್ಲಿಯೇ ಉಳಿದ ಸರಕಾಗಿರಬಹುದು, ಮುಟ್ಟದ್ದೇ ಆಗಿರಬಹುದು. ಆದರೆ ಕೇಳಲು ಒಂದು ಪ್ರಶ್ನೆ ನಿಮ್ಮ ಕೈಯಲ್ಲಿ ಇರುತ್ತದೆ.

ಹಿಂದಿರುಗಿಸಿದ ಪಿಸ್ತೂಲಿನ ಬಗೆಗಿನ ನಿಮ್ಮ ಅನುಮಾನಕ್ಕೆ ಇಲ್ಲಿ ಒಂದು ಉತ್ತರವಿದೆ. ಅಮೆರಿಕದಲ್ಲಿ ಪರವಾನಗಿ ಹೊಂದಿದ ವ್ಯಾಪಾರಿಯು ಪ್ರತಿಯೊಂದು ಬಂದೂಕು ಯಾರಿಂದ ಯಾವಾಗ ಬಂತು, ಯಾರಿಗೆ ಯಾವಾಗ ಹೋಯಿತು ಎಂಬುದನ್ನು ಫೆಡರಲ್ ಕಾನೂನಿನಂತೆ ದಾಖಲಿಸಲೇಬೇಕು. ಕೊಳ್ಳುವಾಗ ನೀವು ಸಹಿ ಹಾಕಿದ 4473 ಎಂಬ ನಮೂನೆಯಂತೆ ಮೊದಲ ಗಿರಾಕಿಯೊಬ್ಬನಿದ್ದರೆ ಅವನ ನಮೂನೆಯೂ ಅಂಗಡಿಯಲ್ಲಿ ಇರುತ್ತದೆ; ಅವನು ಹಿಂದಿರುಗಿಸಿದ್ದರೆ ಅವನ ಹೆಸರಿನಿಂದಲೇ ಮತ್ತೆ ಜಮೆಯಾಗಿರಬೇಕು. ಅಂದರೆ ಒಮ್ಮೆ ಮಾರಾಟವಾಗಿ ಮರಳಿದ ಪಿಸ್ತೂಲನ್ನು ಸದ್ದಿಲ್ಲದೆ ಹೊಸ ಸಾಲಿಗೆ ಸೇರಿಸಿದರೆ ವ್ಯಾಪಾರಿಯ ಪುಸ್ತಕವೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಆ ಅಪಾಯಕ್ಕೆ ಕೈಹಾಕುವವರು ಕಡಿಮೆ. ನಾನು ಹೆಚ್ಚು ಅನುಮಾನಪಡುವುದು ಅಂಗಡಿಯ ಸ್ವಂತ ಬಾಡಿಗೆ ಪಿಸ್ತೂಲುಗಳ ಬಗ್ಗೆ. ಅದೇ ಆವರಣದ ಮೈದಾನದಲ್ಲಿ ಬಳಸಲು ಬಾಡಿಗೆಗೆ ಕೊಟ್ಟಾಗ ಆ ನಮೂನೆಯ ಅಗತ್ಯವಿಲ್ಲ, ಆದ್ದರಿಂದ ಪುಸ್ತಕದಲ್ಲಿ ಅದರ ಜಾಡು ಇರುವುದಿಲ್ಲ. ಒಂದು ವರ್ಷದ ಹಿಂದೆ ಸಗಟು ವ್ಯಾಪಾರಿಯಿಂದ ಬಂತು, ಇವತ್ತು ನಿಮಗೆ ಹೋಯಿತು, ಅಷ್ಟೇ ಕಾಣುತ್ತದೆ. ಅದೃಷ್ಟಕ್ಕೆ ಬಾಡಿಗೆಯ ಪಿಸ್ತೂಲು ತನ್ನ ಕಥೆಯನ್ನು ತಾನೇ ಹೇಳುತ್ತದೆ, ಕೊಕ್ಕೆಯ ಸಂದಿನಲ್ಲಿಯೂ ಮ್ಯಾಗಜೀನಿನ ತಳದಲ್ಲಿಯೂ.

ದಾಖಲೆ ಪುಸ್ತಕವನ್ನು ತೋರಿಸೆಂದು ಗಿರಾಕಿ ಒತ್ತಾಯಿಸುವಂತಿಲ್ಲ. ಆದರೆ ಈ ಕ್ರಮಸಂಖ್ಯೆಯ ಪಿಸ್ತೂಲು ನಿಮಗೆ ಯಾವ ದಿನ ಬಂತು, ತಯಾರಕರಿಂದ ಅಥವಾ ಸಗಟು ವ್ಯಾಪಾರಿಯಿಂದ ಬಂತೇ, ವ್ಯಕ್ತಿಯಿಂದ ಬಂತೇ ಎಂದು ಇಮೇಲಿನಲ್ಲಿ ಕೇಳಲು ಅಡ್ಡಿಯಿಲ್ಲ. ನೇರವಾಗಿ ಉತ್ತರಿಸುವ ಅಂಗಡಿಯ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ. ತಯಾರಕರ ಗ್ರಾಹಕ ವಿಭಾಗಕ್ಕೆ ಕ್ರಮಸಂಖ್ಯೆ ಹೇಳಿ, ಕಾರ್ಖಾನೆಯಿಂದ ಅದು ಯಾವಾಗ ಹೊರಟಿತು ಎಂದು ವಿಚಾರಿಸುವುದೂ ಉಪಯುಕ್ತ.

ಬೆಂಗಳೂರು, ಮೈಸೂರಿನ ಓದುಗರಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. ಭಾರತದಲ್ಲಿ 9 ಮಿ.ಮೀ. ನಾಗರಿಕರಿಗೆ ನಿಷಿದ್ಧ ಬೋರ್ (ಬ್ಯಾರೆಲಿನ ಒಳ ಅಳತೆ) ಆಗಿರುವುದರಿಂದ ಪರವಾನಗಿಯ ಮೇಲೆ ಸಿಗುವುದು ಹೆಚ್ಚಾಗಿ .32 ಬೋರಿನ ಪಿಸ್ತೂಲು, ರಿವಾಲ್ವರುಗಳು. ವಿದೇಶಿ ಮಾಲಿನ ಆಮದು ದಶಕಗಳ ಹಿಂದೆಯೇ ನಿಂತುದರಿಂದ ಹಳೆಯ ಯುರೋಪಿನ ಪಿಸ್ತೂಲುಗಳು ಕೈಯಿಂದ ಕೈಗೆ ಭಾರಿ ಬೆಲೆಗೆ ಹೋಗುತ್ತವೆ. ಅಲ್ಲಿ ಹೊಸದೋ ಅಲ್ಲವೋ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಹಳೆಯದಕ್ಕೆ ತುಕ್ಕು ತಡೆಯುವ ನೀಲಿ ಲೇಪವನ್ನು ಹೊಸದಾಗಿ ಏರಿಸಿದ್ದಾರೆಯೇ ಎಂಬುದು ಪ್ರಶ್ನೆ. ಲೇಪ ಕೊಡುವ ಮೊದಲು ಉಕ್ಕನ್ನು ಉಜ್ಜಿ ನಯಮಾಡಬೇಕಾಗುತ್ತದೆ, ಆಗ ಕೊರೆದ ಅಕ್ಷರಗಳ ಅಂಚು ಮೊಂಡಾಗುತ್ತದೆ, ಸ್ಕ್ರೂ ತೂತುಗಳ ಬಾಯಿ ತಟ್ಟೆಯಂತೆ ತಗ್ಗಾಗುತ್ತದೆ, ತುಕ್ಕು ತಿಂದ ಸಣ್ಣ ಗುಳಿಗಳ ಒಳಗೂ ಹೊಸ ಬಣ್ಣ ಕೂತಿರುತ್ತದೆ. ಬ್ಯಾರೆಲಿನ ಒಳಗಿನ ಗುಳಿಗಳನ್ನು ಮಾತ್ರ ಯಾವ ಲೇಪವೂ ಮುಚ್ಚಲಾರದು, ಮಳೆನಾಡಿನಲ್ಲಿ ಎಣ್ಣೆ ಕಾಣದೆ ಕೂತ ಬಂದೂಕಿನಲ್ಲಿ ಅವು ಬೇಗ ಬೀಳುತ್ತವೆ. ಉಜ್ಜುವ ಭರದಲ್ಲಿ ಗುರುತಿನ ಸಂಖ್ಯೆಯೇ ಅಳಿದಿರುವುದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು: 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ಗುರುತುಗಳಿಲ್ಲದ ಬಂದೂಕನ್ನು ಮಾರುವಂತಿಲ್ಲ, ಗುರುತು ಅಳಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು, ಬೇರೆ ರುಜುವಾತಾಗದ ಹೊರತು, ಕಾನೂನು ಭಾವಿಸುತ್ತದೆ.

ಮತ್ತೆ ನಿಮ್ಮ ಗ್ಲಾಕ್‌ಗೆ ಬರೋಣ. ಪರೀಕ್ಷೆ ಮುಗಿಯುವವರೆಗೆ ಅದರಿಂದ ಗುಂಡು ಹಾರಿಸಬೇಡಿ, ಏಕೆಂದರೆ ನಿಮ್ಮ ಮೊದಲ ಐವತ್ತು ಗುಂಡುಗಳು ಹಿಂದಿನ ಎಲ್ಲ ಸಾಕ್ಷ್ಯದ ಮೇಲೆ ಕೂರುತ್ತವೆ. ತಾಮ್ರದ ಗ್ರೀಸು ಹೊಳೆಯುತ್ತಿದ್ದು, ಕೊಕ್ಕೆಯ ಸಂದು ಸ್ವಚ್ಛವಾಗಿದ್ದು, ಮ್ಯಾಗಜೀನಿನ ತಳ ನಯವಾಗಿದ್ದು, ಕ್ರಮಸಂಖ್ಯೆಗಳು ತಾಳೆಯಾದರೆ ನೀವು ಕೊಂಡದ್ದು ಹೊಸದೇ ಎಂದು ನಿಶ್ಚಿಂತರಾಗಿ. ಬ್ಯಾರೆಲಿನ ಮಸಿ ಕಾರ್ಖಾನೆಯದು, ಮೇಲಿನ ಉಜ್ಜು ಗಿರಾಕಿಗಳ ಕೈಯದು. ನಿಮ್ಮ ವಿವರಣೆಯಿಂದ ನನಗೆ ಇದೇ ಹೆಚ್ಚು ಸಂಭವನೀಯವೆಂದು ತೋರುತ್ತದೆ. ಇದಕ್ಕೆ ವಿರುದ್ಧವಾಗಿ ಹಿತ್ತಾಳೆಯ ವೃತ್ತ, ಕಪ್ಪು ಅಂಟು, ಬೆಂದ ಮಸಿ ಈ ಮೂರೂ ಒಟ್ಟಿಗೆ ಕಂಡರೆ ಚಿತ್ರಗಳೊಂದಿಗೆ ಅಂಗಡಿಯ ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ಬದಲಿ ಪಿಸ್ತೂಲನ್ನೋ ಬೆಲೆಯ ವ್ಯತ್ಯಾಸವನ್ನೋ ಕೇಳಿ. ಮಾರಿದ ಬಂದೂಕನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂಬ ಫಲಕ ಬಹುತೇಕ ಅಂಗಡಿಗಳಲ್ಲಿ ತೂಗುತ್ತಿರುತ್ತದೆ. ಆದರೆ ಬಳಸಿದ ಸರಕನ್ನು ಹೊಸದೆಂದು ಹೇಳಿ ಮಾರುವುದನ್ನು ಟೆಕ್ಸಸ್‌ನ ಮೋಸದ ವ್ಯಾಪಾರ ತಡೆ ಕಾಯ್ದೆ 17.46ನೇ ಕಲಮಿನಲ್ಲಿ ಹೆಸರಿಸಿಯೇ ನಿಷೇಧಿಸಿದೆ. ದಾವೆ ಹೂಡುವ ಮುನ್ನ ಸುಮಾರು ಎರಡು ತಿಂಗಳ ಲಿಖಿತ ನೋಟಿಸ್ ಕೊಡಬೇಕೆಂಬ ನಿಯಮ ಅದೇ ಕಾಯ್ದೆಯಲ್ಲಿರುವುದರಿಂದ ನಿಮ್ಮ ಮೊದಲ ಪತ್ರದಲ್ಲಿಯೇ ಕ್ರಮಸಂಖ್ಯೆ, ಕೊಂಡ ದಿನಾಂಕ, ರಸೀದಿಯಲ್ಲಿ ಹೊಸದೆಂದು ಬರೆದಿರುವ ಪದಗಳು, ನೀವು ಕಂಡ ಗುರುತುಗಳು ಮತ್ತು ಕೇಳುತ್ತಿರುವ ಮೊತ್ತ ಇವಿಷ್ಟೂ ಇರಲಿ. ಪಿಸ್ತೂಲನ್ನು ತೋರಿಸಲು ಕೊಂಡೊಯ್ಯುವಾಗ ಖಾಲಿ ಮಾಡಿ, ಪೆಟ್ಟಿಗೆಯಲ್ಲಿಟ್ಟು, ಬಾಗಿಲಲ್ಲಿಯೇ ಅಂಗಡಿಯವರಿಗೆ ತಿಳಿಸಿ ಒಳಗೆ ಹೋಗಿ.